ಜಲಪಾತದ ಬುಡದಲ್ಲಿ ಮೂರು ಪಾಠ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರು. ಬೇಲೂರು, ಶೃಂಗೇರಿ, ಹೊರನಾಡು, ನಡುವೆ ಎಲ್ಲಾದರೂ ಒಂದು ಜಲಪಾತ. ಪಟ್ಟಿಯಲ್ಲಿ ಜಲಪಾತ ಇಲ್ಲದಿದ್ದರೆ ಮಕ್ಕಳ ಮುಖ ಸಪ್ಪಗಾಗುತ್ತದೆ. ಇದ್ದರೆ ಪೋಷಕರ ಎದೆ ಡವಗುಟ್ಟುತ್ತದೆ. 'ಸಾರ್, ನೀರಿಗೆ ಮಾತ್ರ ಇಳಿಸಬೇಡಿ' ಎಂಬ ಮಾತು ಒಪ್ಪಿಗೆ ಪತ್ರದ ಜೊತೆಗೇ ಬರುತ್ತದೆ.

ಆ ಭಯ ಸುಳ್ಳಲ್ಲ. ಪ್ರವಾಸಕ್ಕೆ ಹೋದ ವಿದ್ಯಾರ್ಥಿಗಳು ನೀರುಪಾಲಾದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆದರೆ ಹದಿನಾಲ್ಕು ವರ್ಷದ ಹುಡುಗನಿಗೆ 'ಬೇಡ' ಎಂದರೆ ಅದೇ ಬೇಕೆನಿಸುತ್ತದೆ. ಏಕೆ ಬೇಡ ಎಂದು ತಿಳಿದರೆ ತಾನೇ ಹಿಂದೆ ನಿಲ್ಲುತ್ತಾನೆ. ಆ 'ಏಕೆ'ಗೆ ಉತ್ತರ ಅವನ ವಿಜ್ಞಾನ ಪಠ್ಯದಲ್ಲೇ ಇದೆ.

ಹನುಮನಗುಂಡಿಯನ್ನೇ ತೆಗೆದುಕೊಳ್ಳೋಣ. ಕಾರ್ಕಳದ ಕಡೆಯಿಂದ ಘಟ್ಟ ಹತ್ತಿ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ, ರಾಷ್ಟ್ರೀಯ ಉದ್ಯಾನದ ಒಳಗೇ ಇದೆ ಈ ಜಲಪಾತ. ಸೂತನಬ್ಬಿ ಎಂಬುದು ಇದರ ಇನ್ನೊಂದು ಹೆಸರು. ಮಲೆನಾಡಿನವರಿಗೆ ಜಲಪಾತವೆಂದರೆ ಅಬ್ಬಿ. ರಸ್ತೆ ಬದಿಯಿಂದ ಕಾಡಿನೊಳಗೆ ಮೆಟ್ಟಿಲು ಇಳಿಯುತ್ತಾ ಹೋದರೆ ಮೊದಲು ಸದ್ದು, ಆಮೇಲೆ ಮುಖಕ್ಕೆ ತಂಪು ತುಂತುರು, ಕೊನೆಗೆ ಬಂಡೆಯ ಮೇಲಿಂದ ಬೀಳುವ ಬಿಳಿ ನೀರು. ಕೆಳಗೆ ತಿಳಿನೀರಿನ ಗುಂಡಿ. ತಳದ ಕಲ್ಲುಗಳನ್ನು ಎಣಿಸಬಹುದು ಎನ್ನಿಸುವಷ್ಟು ತಿಳಿ.

ಮೊದಲ ಪಾಠ ಅಲ್ಲೇ ಇದೆ. ತಿಳಿನೀರು ಸುಳ್ಳು ಹೇಳುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33. ತಳದಿಂದ ಹೊರಟ ಬೆಳಕು ನೀರನ್ನು ಬಿಟ್ಟು ಗಾಳಿಗೆ ಬರುವಾಗ ಬಾಗುವುದರಿಂದ ತಳ ಮೇಲೆದ್ದಂತೆ ಕಾಣುತ್ತದೆ. ನೇರ ಮೇಲಿನಿಂದ ನೋಡಿದರೂ ನಿಜವಾದ ಆಳದ ಮುಕ್ಕಾಲು ಪಾಲು ಮಾತ್ರ ಕಾಣುವುದು. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ನಾಲ್ಕೂವರೆ ಅಡಿ ಎಂದು ಕಂಡ ಗುಂಡಿ ಕನಿಷ್ಠ ಆರು ಅಡಿ ಇರುತ್ತದೆ. ಐದಡಿ ಎತ್ತರದ ಹುಡುಗ 'ಕುತ್ತಿಗೆ ಮಟ್ಟ ಅಷ್ಟೇ' ಎಂದು ಇಳಿದರೆ ನೆತ್ತಿಯ ಮೇಲೆ ಒಂದಡಿ ನೀರು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುವ ಪ್ರಶ್ನೆ ಇಲ್ಲಿ ಜೀವದ ಪ್ರಶ್ನೆಯಾಗುತ್ತದೆ.

'ನನಗೆ ಈಜು ಬರುತ್ತೆ ಸಾರ್' ಎನ್ನುವವರು ಪ್ರತಿ ತಂಡದಲ್ಲೂ ಇಬ್ಬರು ಮೂವರು ಇರುತ್ತಾರೆ. ಎರಡನೆಯ ಪಾಠ ಅವರಿಗೆ. ಕೆರೆಯ ನೀರೇ ಬೇರೆ, ಅಬ್ಬಿಯ ಬುಡದ ನೀರೇ ಬೇರೆ. ಆ ನೀರು ಬೆಳ್ಳಗೆ ಕಾಣುವುದು ಅದರೊಳಗೆ ಸೇರಿದ ಗಾಳಿಗುಳ್ಳೆಗಳಿಂದ. ಹತ್ತರಲ್ಲಿ ಒಂದು ಪಾಲು ಗಾಳಿ ಎಂದುಕೊಳ್ಳಿ. ಆಗ ಅದರ ಸಾಂದ್ರತೆಯೂ ಅಷ್ಟೇ ಕುಗ್ಗುತ್ತದೆ. ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ ಮಾಮೂಲಿ ನೀರಿನಲ್ಲಿ ಹೇಗೋ ತೇಲುತ್ತೇವೆ. ಆರ್ಕಿಮಿಡೀಸನ ತತ್ತ್ವದಂತೆ ಲೆಕ್ಕ ಹಾಕಿದರೆ, 50 ಕೆ.ಜಿ. ತೂಕದ ಹುಡುಗನನ್ನು ಈ ನೊರೆನೀರು ಹೊರುವುದು ಸುಮಾರು 45 ಕೆ.ಜಿ.ಯಷ್ಟು ಮಾತ್ರ. ಉಳಿದ ಐದು ಕೆ.ಜಿ.ಯನ್ನು ಕೈಕಾಲು ಬಡಿದೇ ಎತ್ತಬೇಕು. ಒಬ್ಬ ಮನುಷ್ಯನ ತಲೆಯ ತೂಕವೂ ಹೆಚ್ಚುಕಡಿಮೆ ಅಷ್ಟೇ. ಸಾಲದ್ದಕ್ಕೆ ಮೇಲಿಂದ ಬಿದ್ದ ನೀರು ತಳಕ್ಕೆ ಹೋಗಿ, ತಿರುಗಿ, ಮತ್ತೆ ಬುಡದತ್ತಲೇ ಎಳೆಯುವ ಸುಳಿಯಾಗುತ್ತದೆ. ಕೆರೆಯಲ್ಲಿ ಕಲಿತ ಈಜು ಅಲ್ಲಿ ಸಾಲದು.

ಬೀಳುವ ನೀರಿಗೆ ತಲೆಯೊಡ್ಡಿ ನಿಲ್ಲುವ ಆಸೆಗೂ ಒಂದು ಲೆಕ್ಕವಿದೆ. 20 ಮೀಟರ್ ಎತ್ತರದಿಂದ ಬಿದ್ದ ಕಲ್ಲು, ಗಾಳಿಯ ತಡೆ ಬಿಟ್ಟರೆ, ಕೆಳಗೆ ಬರುವಾಗ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿರುತ್ತದೆ. ಅಬ್ಬಿ ನೀರನ್ನಷ್ಟೇ ಅಲ್ಲ, ಕಲ್ಲು ಕೊಂಬೆಗಳನ್ನೂ ತರುತ್ತದೆ.

ಮೂರನೆಯ ಪಾಠ ಭೂಗೋಳದ್ದು. ಡಿಸೆಂಬರ್, ಜನವರಿಯಲ್ಲೂ ಅಬ್ಬಿಯಲ್ಲಿ ನೀರಿರುತ್ತದಲ್ಲ, ಮಳೆಗಾಲ ಮುಗಿದು ತಿಂಗಳುಗಳಾದ ಮೇಲೆ ಆ ನೀರು ಎಲ್ಲಿಂದ ಬಂತು? ತಲೆಯೆತ್ತಿ ನೋಡಿ. ಗುಡ್ಡದ ನೆತ್ತಿಯಲ್ಲಿ ಹುಲ್ಲುಗಾವಲು, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ದಟ್ಟವಾದ ಶೋಲಾ ಕಾಡು. ಈ ಹುಲ್ಲು, ಬೇರು, ತರಗೆಲೆ, ಸಡಿಲ ಮಣ್ಣು ಮಳೆಯನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಹನಿಹನಿಯಾಗಿ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ಕಾಡು ಉಳಿದರೆ ಅಬ್ಬಿ ಉಳಿಯುತ್ತದೆ.

ಆದರೆ ಜೋರು ಮಳೆಯನ್ನೆಲ್ಲ ಹೀರಿಕೊಳ್ಳಲು ಯಾವ ಕಾಡಿಗೂ ಸಾಧ್ಯವಿಲ್ಲ. ಮೇಲಿನ ಗುಡ್ಡದಲ್ಲಿ ಗುಡುಗಿನ ಮಳೆ ಸುರಿದರೆ, ಕೆಳಗೆ ಬಿಸಿಲಿದ್ದರೂ ಹಳ್ಳ ನೋಡನೋಡುತ್ತಲೇ ಏರುತ್ತದೆ. ಮಳೆಗಾಲ ಸರಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಲ್ಲೂ ಈ ಎಚ್ಚರ ಬೇಕು. ಗುರುತುಗಳು ಇವೆ: ತಿಳಿನೀರು ಕೆಂಪಗೆ ತಿರುಗುವುದು, ಎಲೆ-ಕಡ್ಡಿ ತೇಲಿಬರುವುದು, ಸದ್ದು ದಪ್ಪವಾಗುವುದು. ಇವುಗಳಲ್ಲಿ ಒಂದು ಕಂಡರೂ ಸಾಕು, ಫೋಟೋ ಆಮೇಲೆ, ಮೊದಲು ಮೇಲೆ ಹತ್ತಿ.

ಯಾರಾದರೂ ನೀರಿಗೆ ಬಿದ್ದರೆ? ಗೆಳೆಯನನ್ನು ಉಳಿಸಲು ಗೆಳೆಯ ಹಾರಿ ಇಬ್ಬರೂ ಮುಳುಗಿದ ಸುದ್ದಿಗಳೂ ಉಂಟು. ಹಾರಬೇಡಿ, ಎಸೆಯಿರಿ. ಪ್ರವಾಸದ ಬಸ್ಸಿನಲ್ಲಿ ಐವತ್ತಡಿ ಹಗ್ಗ ಇರಲಿ. ಐದು ಲೀಟರಿನ ಖಾಲಿ ಪ್ಲಾಸ್ಟಿಕ್ ಕ್ಯಾನಿಗೆ ಮುಚ್ಚಳ ಬಿಗಿದು ಹಗ್ಗದ ತುದಿಗೆ ಕಟ್ಟಿ. ಅದು ಮೇಲೆತ್ತುವುದು ಸುಮಾರು ಐದು ಕೆ.ಜಿ.; ನೊರೆನೀರು ನಮ್ಮಿಂದ ಕಿತ್ತುಕೊಂಡದ್ದೂ ಅಷ್ಟೇ ಅಲ್ಲವೆ! ವಾಪಸು ಬರುವಾಗ ಆ ಕ್ಯಾನನ್ನೂ ತಿಂಡಿಯ ಪೊಟ್ಟಣಗಳನ್ನೂ ಬಸ್ಸಿಗೇ ತನ್ನಿ. ಸಿಂಗಳೀಕಗಳ ಮನೆಗೆ ನಾವು ಹೋಗಿರುವುದು ನೆಂಟರಾಗಿ.

ಹಾಗಾದರೆ ಜಲಪಾತಕ್ಕೆ ಹೋಗಬಾರದೆ? ಖಂಡಿತ ಹೋಗಬೇಕು. ಒಣಗಿದ ಬಂಡೆಯ ಮೇಲೆ ದೂರ ಕುಳಿತು, ಹತ್ತು ನಿಮಿಷ ಮಾತಾಡದೆ ನೋಡಬೇಕು. ತುಂತುರಿನಲ್ಲಿ ಕಾಮನಬಿಲ್ಲು ಕಂಡರೆ ಸೂರ್ಯ ಬೆನ್ನ ಹಿಂದೆ ಇದ್ದಾನೆಯೇ ಎಂದು ತಿರುಗಿ ನೋಡಬೇಕು. ಪಾಚಿ ಕಟ್ಟಿದ ಬಂಡೆಯ ಹತ್ತಿರ ಮಾತ್ರ ಹೋಗಬಾರದು.

ಪೋಷಕರಲ್ಲಿ ಒಂದು ಕೋರಿಕೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅಡುಗೆಮನೆಯಿಂದ ಒಂದು ಪಾತ್ರೆ ತನ್ನಿ. ತಳದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ಪಾತ್ರೆಯ ಅಂಚು ನಾಣ್ಯವನ್ನು ಮರೆಮಾಡುವಷ್ಟು ದೂರಕ್ಕೆ ಮಗುವನ್ನು ಸರಿಸಿ ನಿಲ್ಲಿಸಿ, ನಾಣ್ಯ ಕದಲದಂತೆ ಮೆಲ್ಲಗೆ ನೀರು ಸುರಿಯಿರಿ. ಕಾಣದಿದ್ದ ನಾಣ್ಯ ಮೇಲೆದ್ದು ಬಂದಂತೆ ಕಾಣುತ್ತದೆ. 'ಅಬ್ಬಿಯ ಗುಂಡಿಯಲ್ಲೂ ಹೀಗೆಯೇ' ಎಂದು ಅಷ್ಟೇ ಹೇಳಿ. ಆಮೇಲೆ ಸಹಿ ಹಾಕಿ.