ಹೈಫಾ ಯಾರ ಗೆಲುವು?

1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಅಶ್ವದಳಗಳು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದುಕೊಂಡವು. ಎದುರಿಗೆ ಮೆಷೀನ್‌ಗನ್ನು, ಇವರ ಕೈಯಲ್ಲಿ ಭರ್ಜಿ. ಆ ಕೆಚ್ಚನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಇದನ್ನು ರಾಷ್ಟ್ರದ ವಿಜಯವೆಂದು ಡಂಗುರ ಸಾರುವವರನ್ನು ಕೇಳುತ್ತೇವೆ: ಅಂದು ದಿಲ್ಲಿಯಲ್ಲಿ ಹಾರುತ್ತಿದ್ದುದು ಯಾರ ಬಾವುಟ?

ಯುದ್ಧ ಬ್ರಿಟಿಷ್ ಸಾಮ್ರಾಜ್ಯಶಾಹಿಯದು. ಮೈಸೂರು ಅರಮನೆ 1914ರಲ್ಲಿ ಅದಕ್ಕೆ 50 ಲಕ್ಷ ರೂಪಾಯಿ ಕೊಟ್ಟಿತು. 1917ರಲ್ಲಿ ದಿಲ್ಲಿಯ ಬಿಳಿ ಸರ್ಕಾರ 10 ಕೋಟಿ ಪೌಂಡು ‘ಕಾಣಿಕೆ’ ಒಪ್ಪಿಸಿತು. ಕಾಣಿಕೆಯಂತೆ! ತೆತ್ತದ್ದು ರೈತನ ಕಂದಾಯ, ಬಡವನ ಉಪ್ಪಿನ ತೆರಿಗೆ. ಬಟ್ಟೆ, ಸೀಮೆಎಣ್ಣೆ, ದವಸದ ಬೆಲೆ ಮುಗಿಲಿಗೇರಿತು. ಹೈಫಾ ಬಿದ್ದ ಅದೇ ಸೆಪ್ಟೆಂಬರಿನಲ್ಲಿ ಮದರಾಸಿನ ಹಸಿದ ಜನ ಅಂಗಡಿಗಳಿಗೆ ನುಗ್ಗಿದರು. ವಿಜಯೋತ್ಸವದ ಭಾಷಣಗಳಲ್ಲಿ ಈ ಮಾತು ಬರುವುದಿಲ್ಲ.

ಆ ಮಹಾಯುದ್ಧದಲ್ಲಿ ಸತ್ತ ಭಾರತೀಯ ಸಿಪಾಯಿಗಳು ಸುಮಾರು 74,000. ಅದಕ್ಕೆ 1919ರಲ್ಲಿ ಸಿಕ್ಕ ಇನಾಮು ರೌಲಟ್ ಕಾಯಿದೆ, ಜಲಿಯನ್‌ವಾಲಾ ಬಾಗಿನ ಗುಂಡು.

2018ರಲ್ಲಿ ದಿಲ್ಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾದ ಹೆಸರು ಸೇರಿಸಿದರು. ಸೇರಿಸಲಿ, ಹೆಸರಿಗೆ ಖರ್ಚಿಲ್ಲ. ನಮ್ಮ ಮಾತು ಇರುವುದು ಅಜ್ಜನ ಪದಕವನ್ನು ಟ್ರಂಕಿನಲ್ಲಿ ಇಟ್ಟುಕೊಂಡ ಮನೆಗಳೊಡನೆ. ಅದು ನಿಮ್ಮ ಆಸ್ತಿ. ಯಾವ ಮಂತ್ರಿಯ ಮೆರವಣಿಗೆಗೂ ಎರವಲು ಕೊಡಬೇಡಿ. ಮಕ್ಕಳು ಕೇಳಿದರೆ ಅಜ್ಜನ ಧೈರ್ಯವನ್ನು ಹೇಳಿ, ಯಾವ ಬಡತನ ಅವನನ್ನು ಹಡಗು ಹತ್ತಿಸಿತೆಂಬುದನ್ನೂ ಹೇಳಿ. ಪದಕದ ಮೇಲೆ ಅಚ್ಚಾಗಿರುವ ಜಾರ್ಜ್ ದೊರೆಯ ತಲೆಯನ್ನೂ ತೋರಿಸಿ.