ಇಂಗ್ಲಿಷಿನ ಪದವಿಗೆ ಕನ್ನಡದ ಸುಂಕವೆ?

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬೀಳುವುದೇ ತಡ, ನಮ್ಮ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಮನೆಗಳಲ್ಲಿ ಮಕ್ಕಳ ಮುಂದಿನ ಓದಿನ ಚರ್ಚೆ ಆರಂಭವಾಗುತ್ತದೆ. ಮಗ ಇಂಜಿನಿಯರಿಂಗಿನತ್ತ ಹೊರಟರೆ ಹಿರಿಯರಿಗೆ ಕೇಳುವುದೇನೂ ಉಳಿಯದು. ‘ಇಂಗ್ಲಿಷ್ ಸಾಹಿತ್ಯ ಓದುತ್ತೇನೆ’ ಎಂದು ಮಗಳು ಹೇಳಿದ ಮನೆಯಲ್ಲಿ ಮಾತ್ರ ಕಾಫಿ ಆರಿಹೋಗುವಷ್ಟು ಹೊತ್ತು ಮಾತುಕತೆ ನಡೆಯುತ್ತದೆ. ಆ ಪದವಿಯನ್ನು ಮುಗಿಸಲು ಏನೇನು ಬೇಕೆಂಬ ಪ್ರಶ್ನೆಯನ್ನು ಕನ್ನಡದ ಉಪನ್ಯಾಸಕನಾದ ನನ್ನ ಬಳಿಗೆ ತರುವವರೂ ಉಂಟು.

ವಿಶ್ವವಿದ್ಯಾಲಯದ ಲೆಕ್ಕ ಹೀಗಿದೆ. 2021ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಆನರ್ಸ್ ವ್ಯವಸ್ಥೆಯನ್ನು ರಾಜ್ಯ ಸರಕಾರವು 2024ರಲ್ಲಿ ಕೈಬಿಟ್ಟಿತು, ಬಿ.ಎ. ಮತ್ತೆ ಮೂರು ವರ್ಷಗಳ, ಆರು ಸೆಮಿಸ್ಟರುಗಳ ವ್ಯಾಸಂಗವಾಯಿತು. ಎಲ್ಲರೂ ಓದುವ ಸಾಮಾನ್ಯ ಇಂಗ್ಲಿಷ್ ಬೇರೆ. ಸಾಹಿತ್ಯಾಸಕ್ತರು ಆರಿಸಿಕೊಳ್ಳುವ ಐಚ್ಛಿಕ ಇಂಗ್ಲಿಷ್ ಬೇರೆ. ಈ ಐಚ್ಛಿಕದ ಜೊತೆಗೆ ಇತಿಹಾಸವೋ ಮನಶ್ಶಾಸ್ತ್ರವೋ ಇನ್ನೆರಡು ವಿಷಯಗಳಿರಬೇಕು. ಹಾಜರಿ ನೂರಕ್ಕೆ 75ರಷ್ಟಿರಬೇಕು. ಮುಂದೆ ಕಾಲೇಜಿನಲ್ಲಿ ಪಾಠ ಹೇಳುವ ಆಸೆಯಿದ್ದರೆ ಎರಡು ವರ್ಷಗಳ ಎಂ.ಎ., ಅದರಲ್ಲಿ ಸಾಮಾನ್ಯವಾಗಿ ಶೇಕಡ 55 ಅಂಕ, ಮೇಲೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆ. ಸ್ವಾಯತ್ತ ಕಾಲೇಜುಗಳ ಪಠ್ಯಕ್ರಮ ಬೇರೆಯಾಗಿರಬಹುದಾದ ಕಾರಣ ಅಲ್ಲಿಯೇ ವಿಚಾರಿಸುವುದು ಲೇಸು.

ಇವೆಲ್ಲದರ ನಡುವೆ ಸಾಮಾನ್ಯವಾಗಿ ಮೊದಲ ನಾಲ್ಕು ಸೆಮಿಸ್ಟರುಗಳಲ್ಲಿ ಎರಡು ಭಾಷೆಗಳ ಪತ್ರಿಕೆಗಳು ಇರುತ್ತವೆ. ಒಂದು ಇಂಗ್ಲಿಷ್, ಇನ್ನೊಂದು ಯಾವುದು? ‘ಹೇಗೂ ಇಂಗ್ಲಿಷ್ ಸಾಹಿತ್ಯ ಓದುವವಳು, ಕನ್ನಡ ಯಾಕೆ ಮೇಷ್ಟ್ರೆ? ಅಂಕ ಧಾರಾಳವಾಗಿ ಬರುವ ಭಾಷೆ ತೆಗೆದುಕೊಳ್ಳಲಿ’ ಎಂದರು ಒಬ್ಬ ತಾಯಿ. ಆಕೆಯ ಪಾಲಿಗೆ ಕನ್ನಡವು ಹೆದ್ದಾರಿಯ ಸುಂಕದ ಕಟ್ಟೆ. ತಪ್ಪಿಸಿಕೊಳ್ಳಲು ಬಳಸುದಾರಿಯಿದ್ದರೆ ಆಯಿತು.

ತರಗತಿಗೆ ವಿದ್ಯಾರ್ಥಿಗಳನ್ನು ಹುಡುಕಲು ಹೊರಟಿದ್ದೇನೆಂದು ವಾಚಕರು ಭಾವಿಸಬಾರದು. ಈ ಪದವಿಯನ್ನು ಪಡೆದ ಹಿರಿಯರು ಅದರಿಂದ ಏನು ಮಾಡಿದರೆಂಬುದನ್ನು ಸ್ವಲ್ಪ ನೋಡೋಣ.

ಬಿ.ಎಂ. ಶ್ರೀಕಂಠಯ್ಯನವರು ಮದರಾಸಿನ ಎಂ.ಎ.; ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿಯೂ ಆಮೇಲೆ ನಮ್ಮ ಸೆಂಟ್ರಲ್ ಕಾಲೇಜಿನಲ್ಲಿಯೂ ಇಂಗ್ಲಿಷ್ ಪ್ರಾಧ್ಯಾಪಕರು. 1911ರಲ್ಲಿ ಧಾರವಾಡದಲ್ಲಿ ಅವರು ಉಪನ್ಯಾಸ ಮಾಡಿದ್ದು ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು. ತರಗತಿಯಲ್ಲಿ ಕಲಿಸುತ್ತಿದ್ದಂಥ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತರಹೊರಟಾಗ ಹಳೆಯ ಛಂದಸ್ಸು ಸಾಲದೆ ಹೊಸ ಲಯಗಳನ್ನೇ ಕಟ್ಟಬೇಕಾಯಿತು. ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂದು ನವೋದಯದ ಕವಿಗಳಿಗೆ ದಾರಿ ತೋರಿತು. ಅದೇ ಕಾಲದಲ್ಲಿ ಅವರು ಮೈಸೂರು ವಿಶ್ವವಿದ್ಯಾಲಯದ ರಿಜಿಸ್ಟ್ರಾರರೂ ಆಗಿದ್ದರು; 1927ರಲ್ಲಿ ಅಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ನನ್ನಂಥವರ ಪದವಿಗೆ ಬಾಗಿಲು ತೆರೆದವರಲ್ಲಿ ಒಬ್ಬರು ಇಂಗ್ಲಿಷ್ ಮೇಷ್ಟರು!

ಗವಿಪುರದಲ್ಲಿ ನೆಲೆಸಿದ್ದ ಮಾಸ್ತಿಯವರದೂ ಇಂಗ್ಲಿಷ್ ಎಂ.ಎ.ಯೇ, 1914ರಲ್ಲಿ ಮದರಾಸಿನಿಂದ ಪಡೆದದ್ದು. ಅವರು ಕನ್ನಡದ ಸಣ್ಣಕಥೆಗೆ ಏನಾದರೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಇನ್ನು ಡಿ.ವಿ.ಜಿ.ಯವರಾದರೋ ಕಾಲೇಜಿನ ಮೆಟ್ಟಿಲನ್ನೇ ಹತ್ತಿದವರಲ್ಲ. ಆದರೂ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಕನ್ನಡಕ್ಕೆ ತಂದರು. ಇವರಿಗೆಲ್ಲ ಇಂಗ್ಲಿಷಿನ ಸಿರಿಯನ್ನು ಇಳಿಸಿಕೊಳ್ಳಲು ಮನೆಯಲ್ಲೊಂದು ಪಾತ್ರೆಯಿತ್ತು.

ಆ ತಾಯಿಗೆ ನಾನು ಹೇಳಿದ್ದು ಇಷ್ಟೆ: ‘ಅಮ್ಮ, ನಿಮ್ಮ ಮಗಳಿಗೆ ಇಂಗ್ಲಿಷ್ ಪಾಠ ಇನ್ನು ಐದು ವರ್ಷ ನಡೆದೀತು, ಕೆಲಸಕ್ಕೆ ಸೇರಿದ ಮೇಲೂ ನಡೆದೀತು. ಕನ್ನಡದ್ದು ಹಾಗಲ್ಲ. ಪಂಪನನ್ನೋ ವಚನವನ್ನೋ ಯಾರಾದರೂ ಎದುರು ಕುಳಿತು ಬಿಡಿಸಿ ಹೇಳುವುದು ಆಕೆಯ ಬಾಳಿನಲ್ಲಿ ಈ ನಾಲ್ಕು ಸೆಮಿಸ್ಟರುಗಳೇ ಕೊನೆ.’ ಮನೆಮಾತು ತಮಿಳು, ತೆಲುಗು, ಉರ್ದು ಆಗಿರುವ ನಮ್ಮ ನೆರೆಹೊರೆಯವರೂ ತಮ್ಮ ತಮ್ಮ ಭಾಷೆಯ ವಿಚಾರದಲ್ಲಿ ಇದೇ ಲೆಕ್ಕ ಹಾಕಬಹುದು.

ಅಂಕಗಳೂ ಬೇಕು, ನಿಜ, ಎಂ.ಎ. ಪ್ರವೇಶದ ವೇಳೆ ಅವು ಉಪಯೋಗಕ್ಕೆ ಬರುತ್ತವೆ. ಆದರೆ ಎರಡನೆಯ ಭಾಷೆಯ ಖಾನೆಯನ್ನು ತುಂಬುವ ಮುನ್ನ ತಂದೆತಾಯಿಗಳು ಮಕ್ಕಳಿಗೆ ಒಂದು ಚಿಕ್ಕ ಪರೀಕ್ಷೆ ಕೊಡಲಿ. ಇಷ್ಟವಾದ ಇಂಗ್ಲಿಷ್ ಕವಿತೆಯೊಂದರ ಸಾರವನ್ನು ಅಜ್ಜಿಗೆ ತಿಳಿಯುವಂತೆ ಹೇಳಲಿ. ಅಜ್ಜಿ ‘ಆಮೇಲೆ?’ ಎಂದು ಕೇಳಿದರೆ ಚಿಂತೆಯಿಲ್ಲ. ಮೊಮ್ಮಗಳೇ ಮಾತು ಸಿಗದೆ ತಡವರಿಸಿದರೆ, ಯಾವ ತರಗತಿಗೆ ಸೇರಬೇಕೆಂಬುದು ಅವಳಿಗೇ ತಿಳಿಯುತ್ತದೆ.