ಪ್ರಸಂಗಕ್ಕೊಂದು ಮರುಪ್ರಶ್ನೆ ಬೇಕು

ಚರ್ಚಿನ ಆರಾಧನೆಯಲ್ಲಿ ಪ್ರಸಂಗವೇ ಉದ್ದವಾಯಿತು, ಹಾಡು ಮತ್ತು ಪ್ರಾರ್ಥನೆಗಳಷ್ಟೇ ಸಾಕು ಎಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಪ್ರೊಟೆಸ್ಟೆಂಟ್ ಸಭೆಗಳಿಗೆ ಪ್ರಸಂಗವೇ ನಡುಗಂಬ. ಕಥೋಲಿಕರಲ್ಲಿಯೂ ಭಾನುವಾರದ ಪೂಜೆಯಲ್ಲಿ ಗಂಭೀರ ಕಾರಣವಿಲ್ಲದೆ ಪ್ರಬೋಧನೆಯನ್ನು ಕೈಬಿಡಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ವಿಧಿಸಿತು. (ಉದ್ದದ ಅಪಾಯ ಹಳೆಯದೇ: ಪೌಲನು ನಡುರಾತ್ರಿಯವರೆಗೆ ಮಾತನಾಡಿದಾಗ ಕಿಟಕಿಯಲ್ಲಿ ಕುಳಿತ ಯುವಕನೊಬ್ಬ ತೂಕಡಿಸಿ ಕೆಳಕ್ಕೆ ಬಿದ್ದ ಕಥೆ ಬೈಬಲಿನಲ್ಲಿಯೇ ಇದೆ!) ನಿಜವಾದ ಕೊರತೆ ಬೇರೆ. ಕೇಳುಗನಿಗೆ ಮರುಪ್ರಶ್ನೆ ಹಾಕುವ ಅವಕಾಶವಿಲ್ಲ.

ಬಿತ್ತುವವನ ಸಾಮ್ಯವನ್ನೇ ನೋಡಿರಿ. ಬೀಜಗಳಲ್ಲಿ ಕೆಲವು ದಾರಿಯಲ್ಲಿ, ಕೆಲವು ಬಂಡೆಯ ಮೇಲೆ, ಕೆಲವು ಮುಳ್ಳಿನಲ್ಲಿ ಬಿದ್ದವು. ನಮ್ಮ ಸಿದ್ದಾಪುರದಲ್ಲಿ ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಭತ್ತದ ನಾಟಿ ಮಾಡುವವರು, ಅದಕ್ಕೂ ಮುಂಚೆ ಕೂರಿಗೆಯಿಂದ ಜೋಳ ಬಿತ್ತಿದವರು ಇದನ್ನು ಕೇಳಿದರೆ ಏನೆನ್ನುತ್ತಾರೆ? ದಾರಿಯಲ್ಲಿ ಬೀಜ ಚೆಲ್ಲುವವನು ಎಂಥ ಒಕ್ಕಲಿಗ ಎಂದು ಕೇಳಬೇಕು. ಕೇಳಿದರೆ ತಾನೆ, ಆ ನಾಡಿನಲ್ಲಿ ಬೀಜವನ್ನು ಕೈಯಿಂದ ಎರಚಿ ಬಿತ್ತುತ್ತಿದ್ದರೆಂಬುದು ತಿಳಿಯುವುದು! ಈ ಸಾಮ್ಯದ ಅರ್ಥವೇನೆಂದು ಶಿಷ್ಯರೇ ಯೇಸುವನ್ನು ಕೇಳಿದರೆಂದು ಲೂಕನು ಬರೆದಿದ್ದಾನೆ. ಅವರು ತಲೆಯಾಡಿಸಿ ಎದ್ದು ಹೋಗಿರಲಿಲ್ಲ.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಮತಾಂತರವೇ ಅವರ ಗುರಿಯಾಗಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅವರು ಸಂತೆ, ಜಾತ್ರೆಗಳಲ್ಲಿ ನಿಂತು ಬೋಧಿಸಿದಾಗ ನಮ್ಮ ಜನ ಸುಮ್ಮನೆ ಕೇಳಿಕೊಂಡು ನಿಲ್ಲಲಿಲ್ಲ, ಎದುರುವಾದ ಹೂಡಿದರು. ಉತ್ತರ ಕೊಡಲು ಜನರ ಮಾತನ್ನೂ ಅವರ ಗ್ರಂಥಗಳನ್ನೂ ಕಲಿಯಬೇಕಾಯಿತು. ಮೋಗ್ಲಿಂಗರು ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದ್ದರ ಹಿಂದೆ, 1894ರ ಕಿಟ್ಟೆಲ್ ನಿಘಂಟಿನ ಹಿಂದೆ, ಆ ಪ್ರಶ್ನೆಗಳ ಒತ್ತಡವೂ ಇದ್ದಿರಬೇಕೆಂದು ನನ್ನ ಎಣಿಕೆ. ಚರ್ಚಿನ ಗೋಡೆಯೊಳಗೆ ಬಂದ ಮೇಲೆ ಪ್ರಸಂಗವು ಆ ಎದುರಾಳಿಯನ್ನು ಕಳೆದುಕೊಂಡಿತು. ತರಗತಿಯಲ್ಲಿ ಒಬ್ಬ ಹುಡುಗನೂ ಕೈಯೆತ್ತದ ದಿನ ಪಾಠ ತಲುಪಿತೆಂದು ಯಾವ ಮೇಷ್ಟ್ರೂ ನಂಬುವುದಿಲ್ಲ.

ಆದ್ದರಿಂದ ಸಭಾಪಾಲಕರಲ್ಲಿ ನನ್ನ ಬಿನ್ನಹ: ಪ್ರಸಂಗವನ್ನು ಹತ್ತು ನಿಮಿಷ ಮೊಟಕುಗೊಳಿಸಿರಿ. ಆರಾಧನೆ ಮುಗಿದ ಬಳಿಕ ಆ ಹತ್ತು ನಿಮಿಷವನ್ನು ಪ್ರಶ್ನೆಗಳಿಗೆ ಬಿಡಿರಿ. ಉತ್ತರ ಹೊಳೆಯದಿದ್ದರೆ ಮುಂದಿನ ವಾರ ಹೇಳುತ್ತೇನೆಂದರೆ ಯಾರ ಗೌರವವೂ ಕುಂದದು. ಮೊದಲ ಪ್ರಶ್ನೆಯನ್ನು ಮುಂದಿನ ಸಾಲಿನ ಹಿರಿಯರಿಂದಲ್ಲ, ಹಿಂದೆ ಕುಳಿತ ನಾಟಿಯ ಹೆಣ್ಣುಮಕ್ಕಳಿಂದ ಕೇಳಿರಿ.